ಹಟ್ಟಿ ಎಂಬ ಮಾತು ಏರಿದ ಬೆಟ್ಟ

ಉದಕಮಂಡಲದಿಂದ ನೈಋತ್ಯಕ್ಕೆ 30 ಕಿಲೋಮೀಟರಿಗೂ ತುಸು ಹೆಚ್ಚು ಸಾಗಿದರೆ ನೀಲಗಿರಿಯ ಮಂಜೂರು ಸಿಗುತ್ತದೆ. ಕುಂದಾ ತಾಲ್ಲೂಕಿನ ಕೇಂದ್ರವಿದು. ಸುತ್ತಲೂ ಚಹದ ತೋಟಗಳು. ಕೆನಡಾ ದೇಶದ ನೆರವಿನಿಂದ 1950ರ ದಶಕದಲ್ಲಿ ಆರಂಭವಾದ ಕುಂದಾ ಜಲವಿದ್ಯುತ್ ಯೋಜನೆಯ ಅಣೆಕಟ್ಟುಗಳು, ಕೊಳವೆ ಸಾಲುಗಳು. ಊರನ್ನು ದಾಟಿದ ರಸ್ತೆ 43 ಕಡಿದಾದ ತಿರುವುಗಳಲ್ಲಿ ಗೆದ್ದೆಯ ಕಣಿವೆಗೆ ಇಳಿದು, ಕಾರಮಡೈ ಮಾರ್ಗವಾಗಿ ಕೊಯಮತ್ತೂರಿನ ಬಯಲನ್ನು ಸೇರುತ್ತದೆ.

ಮಂಜಿನ ಊರಾದ್ದರಿಂದ ಮಂಜೂರು ಎಂದು ಪ್ರವಾಸಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ವಿವರಣೆ ಬಹಳ ಸುಲಭವಾಗಿರುವುದರಿಂದಲೇ ಅದನ್ನು ಸ್ವಲ್ಪ ದೂರವಿಟ್ಟು ನೋಡುವುದು ಒಳ್ಳೆಯದು. ಆದರೆ ಮಂಜು ಎಂಬ ಮಾತು ಮಾತ್ರ ಸ್ವಾರಸ್ಯದ್ದು. ತಮಿಳಿನಲ್ಲಿ ಅದು ಮೋಡ. ನಾವು ಮಂಜು ಎನ್ನುವುದನ್ನು ತಮಿಳರು ‘ಪನಿ’ ಎನ್ನುತ್ತಾರೆ. ಆ ‘ಪನಿ’ಯೇ ಕನ್ನಡದಲ್ಲಿ ‘ಹನಿ’ಯಾಗಿದೆ. ಒಂದು ‘ಪ’ ಕಾರ ‘ಹ’ ಕಾರವಾದ ಈ ಸಣ್ಣ ಬದಲಾವಣೆಯೇ ಬೆಟ್ಟದ ಮೇಲಿನ ಜನರ ಚರಿತ್ರೆಗೆ ಒಂದು ಕೀಲಿಕೈ.

ಆ ಜನರು ಬಡಗರು. ಅವರ ಊರುಗಳಿಗೆ ಹಟ್ಟಿ ಎಂದು ಹೆಸರು. ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆಗಳ ಸಾಲು, ಮುಂದೆ ಸಾಲುದ್ದಕ್ಕೂ ಅಂಗಳ. ಇದು ಹಟ್ಟಿಯ ಹಳೆಯ ಚಹರೆ. ಮಸಿನಗುಡಿಯ ದಾರಿಯ ಕಲ್ಹಟ್ಟಿಯಲ್ಲಿ ಈ ಮಾತು ಎದ್ದು ಕಾಣುತ್ತದೆ. ಕುನ್ನೂರಿನ ಕಡೆಯ ಅದಿಕರಟ್ಟಿಯಲ್ಲಿ ಅಡಗಿ ಕುಳಿತಿದೆ. ತಮಿಳಿನ ಸ್ವಂತ ಅಕ್ಷರಮಾಲೆಯಲ್ಲಿ ‘ಹ’ ಇಲ್ಲ. ಹೀಗಾಗಿ ಬಸ್ಸಿನ ಹಲಗೆಯ ಮೇಲೆ ಕಲ್ಹಟ್ಟಿ ‘ಕಲ್ಲಟ್ಟಿ’ಯಾಗುತ್ತದೆ. ಮನೆಯಲ್ಲಿ ಒಂದು ಉಚ್ಚಾರ, ಹಲಗೆಯಲ್ಲಿ ಇನ್ನೊಂದು. ಗಡಿನಾಡಿನ ಓದುಗರಿಗೆ ಈ ಅನುಭವ ಹೊಸದೇನಲ್ಲ.

ಹಟ್ಟಿ ಎಂಬುದರ ಹಳೆಯ ರೂಪ ‘ಪಟ್ಟಿ’. ದನಕುರಿಗಳನ್ನು ಕೂಡುವ ದೊಡ್ಡಿ ಎಂಬುದು ಅದರ ಮೂಲ ಅರ್ಥ. ದೊಡ್ಡಿಯ ಬಳಿ ಗುಡಿಸಲು ಎದ್ದು, ಗುಡಿಸಲುಗಳು ಊರಾದಾಗ ಮಾತೂ ಊರಿಗೆ ಅಂಟಿಕೊಂಡಿತು. ತಮಿಳುನಾಡಿನ ಉಸಿಲಂಪಟ್ಟಿ, ಕೋವಿಲ್‌ಪಟ್ಟಿಗಳಲ್ಲಿ ಇರುವುದು ಇದೇ ಮಾತು. ಕನ್ನಡದ ಸೀಮೆಗಳಲ್ಲಿ ಇದರ ಬಾಳು ಬಗೆಬಗೆಯದು. ಕಾಸರಗೋಡು, ದಕ್ಷಿಣ ಕನ್ನಡಗಳಲ್ಲಿ ಹಟ್ಟಿಯೆಂದರೆ ಇಂದಿಗೂ ದನದ ಕೊಟ್ಟಿಗೆ. ಅಡಿಕೆ ತೋಟಕ್ಕೆ ಬೀಳುವುದು ಹಟ್ಟಿಗೊಬ್ಬರ. ಚಿತ್ರದುರ್ಗ, ತುಮಕೂರು ಕಡೆ ಗೊಲ್ಲರಹಟ್ಟಿಗಳಿವೆ. ಬಡಗು ನಾಡಿನಲ್ಲಿ ದೀಪಾವಳಿಯಂದು ಸಗಣಿಯಿಂದ ಮಾಡಿ ಪೂಜಿಸುವ ಹಟ್ಟಿಲಕ್ಕವ್ವನಿದ್ದಾಳೆ. ತೋಡರ ನೆಲೆಗೆ ಹೊರಗಿನವರು ಕೊಟ್ಟ ‘ಮಂದು’ ಎಂಬ ಹೆಸರು ಕೂಡ ನಮ್ಮ ‘ಮಂದೆ’ಯ ಬಳಗದ್ದೇ. ಎಮ್ಮೆಯನ್ನು ನಂಬಿದ ಬೆಟ್ಟದಲ್ಲಿ ಊರಿನ ಹೆಸರುಗಳಿಗೆ ಕೊಟ್ಟಿಗೆಯ ವಾಸನೆ ಇರುವುದು ಸಹಜವೇ.

ಪಾಲ್ ಹಾಲಾದುದು, ಪುಲಿ ಹುಲಿಯಾದುದು, ಪಳ್ಳಿ ಹಳ್ಳಿಯಾದುದು ಕನ್ನಡದಲ್ಲಿ ಸುಮಾರು 10ನೆಯ ಶತಮಾನದಿಂದ ಮೊದಲಾಗಿ ಕೆಲವು ಶತಮಾನಗಳಲ್ಲಿ ನೆಲೆಗೊಂಡ ಬದಲಾವಣೆ. ಬಡಗರ ಬಾಯಲ್ಲಿ ಇರುವುದೂ ಹಟ್ಟಿ, ಹುಲಿಗಳೇ. ಅಂದರೆ ಅವರ ಹಿರಿಯರು ಕನ್ನಡ ನಾಡನ್ನು ಬಿಟ್ಟು ಬೆಟ್ಟ ಏರಿದ್ದು ಈ ಬದಲಾವಣೆ ಆದ ಮೇಲೆ ಎಂದು ತರ್ಕಿಸಬಹುದು. ಉಮ್ಮತ್ತೂರಿನ ಕಡೆಯಿಂದ ಓಡಿ ಬಂದೆವೆಂಬ ಅವರ ಮನೆಮಾತಿನ ಕಥೆಗಳಿಗೆ ಈ ತರ್ಕ ಹೊಂದುತ್ತದೆ. 1603ರಲ್ಲಿ ಬೆಟ್ಟ ಹತ್ತಿದ ಜೆಸುಯಿಟ್ ಪಾದ್ರಿ ಫೆನಿಸಿಯೊ ತೋಡರ ಜೊತೆಗೆ ಬಡಗರನ್ನೂ ಕಂಡು ಬರೆದಿದ್ದಾನೆ. ಅಷ್ಟು ಹೊತ್ತಿಗೆ ಅವರು ಅಲ್ಲಿ ನೆಲೆಸಿದ್ದರು. ಎಲ್ಲವೂ ಇಷ್ಟು ಸಲೀಸಲ್ಲ. ಬಡಗರ ನಾಲ್ಕು ಸೀಮೆಗಳಾದ ತೊದನಾಡು, ಮೇಕುನಾಡು, ಪೊರಂಗಾಡು, ಕುಂದೆಗಳಲ್ಲಿ ಪೊರಂಗಾಡು ಮಾತ್ರ ತನ್ನ ‘ಪ’ ಕಾರವನ್ನು ಹಿಡಿದುಕೊಂಡೇ ಇದೆ. ಹೆಸರುಗಳು ಹಟಮಾರಿಗಳು.

ಬಡಗ ಎಂಬ ಹೆಸರನ್ನೇ ನೋಡಬೇಕು. ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟು ಬಲ್ಲವರಿಗೆ ಅರ್ಥ ಹೇಳಬೇಕಾಗಿಲ್ಲ: ಬಡಗಣದವನು, ಉತ್ತರದವನು. ತಮಿಳಿನ ‘ವಡಕ್ಕು’ ಕನ್ನಡದಲ್ಲಿ ‘ಬಡಗು’; ‘ವಾ’ ನಮ್ಮಲ್ಲಿ ‘ಬಾ’ ಆದಂತೆ. ತನ್ನ ನಾಡಿನಲ್ಲೇ ಇರುವವನನ್ನು ಯಾರೂ ಬಡಗನೆಂದು ಕರೆಯುವುದಿಲ್ಲ. ತೆಂಕಣಕ್ಕೆ ಬಂದ ಮೇಲೆಯೇ ಆ ಹೆಸರಿಗೆ ಅರ್ಥ.

2011ರ ಜನಗಣತಿಯಲ್ಲಿ ಬಡಗವನ್ನು ತಾಯಿನುಡಿಯೆಂದು ಬರೆಸಿದವರು ಸುಮಾರು 1,33,500. ಜನಗಣತಿಯ ಪಟ್ಟಿ ಅವರನ್ನು ಕನ್ನಡದ ಕೆಳಗೆ ಸೇರಿಸುತ್ತದೆ. ತಮ್ಮದು ಬೇರೆಯೇ ನುಡಿ ಎನ್ನುವ ಬಡಗರೂ, ಹಾಗೆನ್ನುವ ವಿದ್ವಾಂಸರೂ ಇದ್ದಾರೆ. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಭಾಷಾವಿಜ್ಞಾನಿ ಎಂ. ಬಿ. ಎಮೆನೋ 1939ರಲ್ಲಿ ಬಡಗ ಸ್ವರಗಳ ಕುರಿತು ಬರೆದ ಲೇಖನದಲ್ಲಿ, ನಾಲಗೆಯನ್ನು ಹಿಂದಕ್ಕೆ ಮಡಿಸಿ ನುಡಿಯುವ ಸ್ವರಗಳನ್ನು ಗುರುತಿಸಿದರು. ೞ ಮೊದಲಾದ ವ್ಯಂಜನಗಳು ಉದುರಿಹೋದಲ್ಲಿ ಅವುಗಳ ಬಾಗು ಪಕ್ಕದ ಸ್ವರದಲ್ಲಿ ಉಳಿದುಕೊಂಡಿತ್ತು. ನಮ್ಮ ಮಕ್ಕಳ ಪಠ್ಯದಿಂದ ಎಂದೋ ಮರೆಯಾದ ಅಕ್ಷರದ ನೆರಳು ಬೆಟ್ಟದ ಅಜ್ಜಿಯರ ನಾಲಗೆಯ ಮೇಲಿತ್ತು. ಈಗ ಆ ಬಾಗೂ ಸವೆಯುತ್ತಿದೆ.

ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1890ರಲ್ಲಿ ಬಡಗ ನುಡಿಯ ಪುಸ್ತಕವೊಂದನ್ನು ಕನ್ನಡ ಅಕ್ಷರಗಳಲ್ಲಿ ಅಚ್ಚುಹಾಕಿತ್ತು. ಇಂದು ಮಂಜೂರಿನ ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು, ಇಂಗ್ಲಿಷು. ಸಂಜೆ ಮಂಜು ಇಳಿಯುವ ಹೊತ್ತಿಗೆ, ‘ಹ’ ಕಾರವಿಲ್ಲದ ಹಲಗೆ ಹೊತ್ತ ಬಸ್ಸಿನಿಂದ ಇಳಿದು, ಅವರು ಹಟ್ಟಿಗೆ ನಡೆಯುತ್ತಾರೆ.