ಭಾನುವಾರ ಬಾಗಿಲು ಹಾಕುವ ದೇಶ

ಆಕ್ಲೆಂಡಿನಿಂದ ಟೊಂಗಾಕ್ಕೆ ಸುಮಾರು ಮೂರು ಗಂಟೆಯ ಹಾರಾಟ. ವಾರದ ಯಾವ ದಿನವಾದರೂ ಬಂದಿಳಿಯಿರಿ, ಭಾನುವಾರ ಮಾತ್ರ ಬೇಡ. ಆ ದಿನ ವಿಮಾನ ನಿಲ್ದಾಣಕ್ಕೆ ರಜೆ. ಅಂಗಡಿಗೆ, ಬಸ್ಸಿಗೆ, ತೋಟದ ಕೆಲಸಕ್ಕೆ, ಟೊಂಗಾದವರ ಪ್ರಾಣವಾದ ರಗ್ಬಿಗೂ ರಜೆ. ಇದು ಬರೀ ರೂಢಿಯಲ್ಲ, ಕಾನೂನು. ಭಾನುವಾರ ಪವಿತ್ರ ದಿನ ಎಂದು 1875ರ ಸಂವಿಧಾನದಲ್ಲೇ ಬರೆದಿದೆ; ಆ ದಿನ ಸಹಿ ಹಾಕಿದ ಕರಾರುಪತ್ರ ಊರ್ಜಿತವಾಗುವುದಿಲ್ಲ.

ದಕ್ಷಿಣ ಪೆಸಿಫಿಕ್‌ನಲ್ಲಿ ಚೆದುರಿಬಿದ್ದ 170ರಷ್ಟು ದ್ವೀಪಗಳ ಈ ರಾಜ್ಯದಲ್ಲಿ ಬಹುಪಾಲು ದ್ವೀಪಗಳು ನಿರ್ಜನ. ಒಟ್ಟು ಜನ ಒಂದು ಲಕ್ಷದ ಆಸುಪಾಸು. ಇಲ್ಲಿನ ಗಡಿಯಾರ ಬೆಂಗಳೂರಿಗಿಂತ ಏಳೂವರೆ ಗಂಟೆ ಮುಂದು; ಹೊಸ ದಿನವನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಕಾಣುವ ಕೆಲವೇ ದೇಶಗಳಲ್ಲಿ ಟೊಂಗಾ ಒಂದು. ಆ ದಿನವನ್ನು ಹೇಗೆ ಕಳೆಯಬೇಕೆಂದು ಹೇಳುವ ಹಕ್ಕು ಮಾತ್ರ ಮೆಥೊಡಿಸ್ಟ್ ಚರ್ಚಿನದು. ಆ ಪಂಥದ ಫ್ರೀ ವೆಸ್ಲಿಯನ್ ಚರ್ಚ್ ಇಲ್ಲಿನ ಅತಿದೊಡ್ಡ ಸಭೆ; ರಾಜಮನೆತನವೂ ಅದರದ್ದೇ. ರಾಜಧಾನಿ ನುಕುಅಲೊಫಾದ ಶತಮಾನೋತ್ಸವ ಚರ್ಚಿಗೆ ಅರಸನೂ ಆರಾಧನೆಗೆ ಬರುತ್ತಾನೆ.

ನಾನು ಹೋದದ್ದು ಏಪ್ರಿಲ್ ಕೊನೆಗೆ, ಮೇ ತಿಂಗಳ ಹಬ್ಬಗಳನ್ನು ನೋಡಲೆಂದೇ. ಉಳಿದುಕೊಂಡದ್ದು ಟೊಂಗಟಾಪು ದ್ವೀಪದ ಒಂದು ಹಳ್ಳಿಮನೆಯಲ್ಲಿ. ಮನೆಯೊಡತಿ ಮೊದಲ ಸಂಜೆಯೇ ವರ್ಷದ ಪಂಚಾಂಗವನ್ನು ಬಾಯಲ್ಲೇ ಒಪ್ಪಿಸಿದರು. ಜನವರಿಯ ಮೊದಲ ವಾರ ಪ್ರಾರ್ಥನಾ ಸಪ್ತಾಹ. ಬೆಳಿಗ್ಗೆ ಒಂದು ಆರಾಧನೆ, ಸಂಜೆ ಇನ್ನೊಂದು, ನಡುವೆ ಸರದಿಯ ಮೇಲೆ ಮನೆಮನೆಯ ಊಟ. ಮೇ ಮೊದಲ ಭಾನುವಾರ ಮಕ್ಕಳದ್ದು, ಎರಡನೆಯದು ತಾಯಂದಿರದ್ದು, ಮೂರನೆಯದು ತಂದೆಯರದ್ದು. ವರ್ಷದ ನಡುವಿಗೆ ವಾರ್ಷಿಕ ಮಹಾಸಭೆ. ಎಲ್ಲ ದ್ವೀಪಗಳಿಂದಲೂ, ಹೊರದೇಶಗಳಿಂದಲೂ ಪ್ರತಿನಿಧಿಗಳು ಬರುತ್ತಾರೆ, ದಿನಗಟ್ಟಲೆ ಔತಣ. ಇವುಗಳ ಜೊತೆಗೆ ‘ಮಿಸಿನಾಲೆ’ ಎಂಬ ವಾರ್ಷಿಕ ಕಾಣಿಕೆ. ಮಳೆಗಾಲ, ಚಳಿಗಾಲಗಳ ಮಾತೇ ಬರಲಿಲ್ಲ.

ಶನಿವಾರ ರಾತ್ರಿ ಚರ್ಚಿನ ಸಭಾಂಗಣದಲ್ಲಿ ಗಾಯನದ ತಾಲೀಮು. ಹಲಗೆಯ ಮೇಲೆ ಪಾಶ್ಚಾತ್ಯ ಸಂಗೀತದ ಗೆರೆಗಳಿಲ್ಲ, ಬರೀ ಅಂಕಿಗಳು. ಷಡ್ಜಕ್ಕೆ 3, ರಿಷಭಕ್ಕೆ 4, ಹೀಗೆ ಏರುತ್ತ ನಿಷಾದಕ್ಕೆ 9. ನಾಲ್ಕು ಸಾಲುಗಳಲ್ಲಿ ನಾಲ್ಕು ಧ್ವನಿಗಳಿಗೆ ಬೇರೆಬೇರೆ ಅಂಕಿ. ಗುರು ಕೋಲಿನಿಂದ ಒಂದೊಂದೇ ಅಂಕಿಯನ್ನು ಮುಟ್ಟಿದಂತೆ ಮೀನು ಹಿಡಿಯುವವರು, ಗುಮಾಸ್ತರು, ಶಾಲೆಯ ಹುಡುಗಿಯರು ಮೊದಲು ಅಂಕಿಗಳನ್ನೇ ಹಾಡಿದರು, ಆಮೇಲೆ ಸಾಹಿತ್ಯ. ವಾದ್ಯವಿಲ್ಲ, ಮೈಕಿಲ್ಲ. ಗಂಡಸರ ಮಂದ್ರಸ್ವರಕ್ಕೆ ಕೂತ ಬೆಂಚೇ ನಡುಗಿತು. ಈ ಸ್ವರಲಿಪಿಯನ್ನು ರೂಪಿಸಿದವರು ಜೇಮ್ಸ್ ಈಗನ್ ಮೌಲ್ಟನ್ ಎಂಬ ಮಿಷನರಿ; 1866ರಲ್ಲಿ ಟುಪೊ ಕಾಲೇಜನ್ನು ಕಟ್ಟಿದವರೂ ಅವರೇ. ಪಿಯಾನೊ ಇಲ್ಲದ ಊರುಗಳಿಗೆ ಸೀಮೆಸುಣ್ಣದ ಒಂದು ತುಂಡಿನಲ್ಲಿ ಅವರು ತಲುಪಿಸಿದ ಸಂಗೀತ ಇವತ್ತಿಗೂ ಅಲ್ಲಿ ಬಳಕೆಯಲ್ಲಿದೆ.

ಮೌಲ್ಟನ್‌ಗೂ ಮೊದಲೇ, 1826ರಲ್ಲಿ ವೆಸ್ಲಿಯನ್ ಮಿಷನರಿಗಳು ಇಲ್ಲಿ ನೆಲೆಯೂರಿದ್ದರು. ಟೌಫಾಹೌ ಎಂಬ ಯೋಧ ದೊರೆ 1831ರಲ್ಲಿ ದೀಕ್ಷಾಸ್ನಾನ ಪಡೆದು ಜಾರ್ಜ್ ಎಂದು ಹೆಸರಿಟ್ಟುಕೊಂಡ, ಕಾದಾಡುತ್ತಿದ್ದ ದ್ವೀಪಗಳನ್ನು ಒಂದು ರಾಜ್ಯವಾಗಿಸಿದ, 1862ರಲ್ಲಿ ಸಾಮಾನ್ಯರನ್ನು ಪಾಳೆಯಗಾರರ ಜೀತದಿಂದ ಬಿಡಿಸಿದ. ಮೈಸೂರಿನಲ್ಲಿ ಹಾರ್ಡ್ವಿಕ್ ಶಾಲೆಯನ್ನೂ ವೆಸ್ಲಿ ಮುದ್ರಣಾಲಯವನ್ನೂ ನಡೆಸಿದ ವೆಸ್ಲಿಯನ್ ಮಿಷನ್ನೇ ಇಲ್ಲಿಗೂ ಬಂದದ್ದು. ನಮ್ಮಲ್ಲಿ ಅದು ಶಾಲೆ, ಆಸ್ಪತ್ರೆ, ಅಚ್ಚುಮೊಳೆ, ಪತ್ರಿಕೆಗಳಿಗೆ ನಿಂತಿತು. ಇಲ್ಲಿ ದೊರೆಯನ್ನೇ ಒಲಿಸಿಕೊಂಡು ಸಂವಿಧಾನದೊಳಕ್ಕೆ ಹೊಕ್ಕಿತು.

ಮೇ ಮೊದಲ ಭಾನುವಾರದ ಹೆಸರು ಫಕಮೇ. ಕತ್ತಲಿರುವಾಗಲೇ ಮರದ ನಗಾರಿ ಬಡಿಯುವ ಸದ್ದು. ಹಿತ್ತಲಲ್ಲಿ ಆಗಲೇ ಕಲ್ಲು ಕಾಯಿಸಿ ಗುಂಡಿಗೆ ಇಳಿಸುತ್ತಿದ್ದರು. ಕೆಸುವಿನ ಎಲೆಯಲ್ಲಿ ಮಾಂಸ, ಈರುಳ್ಳಿ, ತೆಂಗಿನಹಾಲು ಇಟ್ಟು ಮಡಿಸಿದ ‘ಲು’ ಪೊಟ್ಟಣಗಳು, ಜೊತೆಗೆ ಗೆಣಸು, ಗೆಡ್ಡೆ, ಎಲ್ಲದರ ಮೇಲೆ ಬಾಳೆಲೆ, ಮೇಲೆ ಮಣ್ಣು. ಪತ್ರೊಡೆ ತಿಂದು ಬೆಳೆದ ಮಲೆನಾಡಿನವರಿಗೆ ಆ ಎಲೆಯ ಪರಿಮಳ ಹೊಸದೇನಲ್ಲ. ಆರಾಧನೆ ಮುಗಿಯುವಷ್ಟರಲ್ಲಿ ಊಟ ತಾನಾಗಿ ಬೆಂದಿರುತ್ತದೆ. ಅಡುಗೆಗೆಂದು ಯಾರೂ ಮನೆಯಲ್ಲಿ ಉಳಿಯಬೇಕಿಲ್ಲ.

ಚರ್ಚಿನ ತುಂಬ ಬಿಳಿ. ಮಕ್ಕಳಿಗೆ ಹೊಸ ಬಿಳಿ ಬಟ್ಟೆ, ಸೊಂಟಕ್ಕೆ ಹೆಣೆದ ಚಾಪೆಯ ಪಟ್ಟಿ. ಆವತ್ತು ಪ್ರಸಂಗ ಪಾದ್ರಿಯದಲ್ಲ, ಮಕ್ಕಳದು. ನಾಲ್ಕು ವರ್ಷದ ಒಬ್ಬ ಹುಡುಗ ಮುಂದೆ ಬಂದು ನಿಂತ. ವಾರಗಟ್ಟಲೆ ಬಾಯಿಪಾಠ ಮಾಡಿದ ವಚನದ ಮೊದಲ ನಾಲ್ಕು ಪದ ಹೊರಬಂದವು, ಐದನೆಯದಕ್ಕೆ ತಡವರಿಸಿದ, ತುಟಿ ಅದುರಿತು. ಎರಡನೇ ಸಾಲಿನಲ್ಲಿದ್ದ ಅಜ್ಜಿ ಸದ್ದಿಲ್ಲದೆ ಬಾಯಾಡಿಸಿದಳು. ಹುಡುಗ ಅವಳ ತುಟಿ ನೋಡಿಕೊಂಡು ಉಳಿದದ್ದನ್ನು ಒಂದೇ ಉಸಿರಿಗೆ ಕೂಗಿಬಿಟ್ಟ. ‘ಮಾಲಿಯೆ! ಮಾಲಿಯೆ!’ ಎಂದು ಹಿರಿಯರು ಭೇಷ್ ಎಂದರು. ಯಾರೋ ಒಂದು ಹಿಡಿ ಮಿಠಾಯಿಯನ್ನು ಅವನ ಜೇಬಿಗೆ ತುರುಕಿದರು. ಆಮೇಲೆ ದೊಡ್ಡ ಮಕ್ಕಳ ಬೈಬಲ್ ನಾಟಕ. ದಾವೀದನ ಕವಣೆಯ ಕಲ್ಲು ಗುರಿ ತಪ್ಪಿದರೂ ಗೊಲ್ಯಾತ ಜವಾಬ್ದಾರಿಯಿಂದ ಸತ್ತ.

ಮಧ್ಯಾಹ್ನದ ಊಟಕ್ಕೆ ಮಕ್ಕಳೇ ಮೊದಲ ಪಂಕ್ತಿ, ದೊಡ್ಡವರು ಬಡಿಸುವವರು. ಹಿರಿಯರಿಗೆ ಮೊದಲ ತುತ್ತು ಎನ್ನುವ ಸಮಾಜದಲ್ಲಿ ವರ್ಷಕ್ಕೊಮ್ಮೆಯಾದರೂ ಈ ಕ್ರಮ ತಲೆಕೆಳಗಾಗುವುದು ಸಣ್ಣ ಸಂಗತಿಯಲ್ಲ. ಉಂಡವರೆಲ್ಲ ಮಲಗಿದರು. ಸಂಜೆ ಮತ್ತೆ ಆರಾಧನೆ. ಹಿಂದೆ ಅದಾದ ಮೇಲೆ ಬೇಕರಿಯ ಮುಂದೆ ಸಾಲು ನಿಲ್ಲುತ್ತಿತ್ತು. ಭಾನುವಾರ ಬೇಕರಿ ತೆರೆದಿರುತ್ತಿದ್ದುದಕ್ಕೂ ಕಾರಣವಿತ್ತು. 1982ರ ಐಸಾಕ್ ಚಂಡಮಾರುತಕ್ಕೆ ಬೆಳೆಯೆಲ್ಲ ನೆಲಕಚ್ಚಿದಾಗ ಜನರಿಗೆ ರೊಟ್ಟಿಯಾದರೂ ಸಿಗಲಿ ಎಂದು ಕಾನೂನನ್ನು ಸಡಿಲಿಸಿದರು. ಬಿಸಿ ರೊಟ್ಟಿಯ ರುಚಿ ಹತ್ತಿದ ಮೇಲೆ ಆ ರೂಢಿ 2016ರಲ್ಲಿ ನಿಷೇಧ ಬರುವವರೆಗೂ ಉಳಿದುಕೊಂಡಿತ್ತು.

2022ರ ಜನವರಿ 15ರಂದು ಹುಂಗಾ ಟೊಂಗಾ ಜ್ವಾಲಾಮುಖಿ ಸಿಡಿದಾಗ ಚರ್ಚಿನ ಸಭಾಂಗಣಗಳ ಇನ್ನೊಂದು ಉಪಯೋಗ ಕಂಡಿತು. ಸಮುದ್ರದಡಿಯ ಕೇಬಲ್ ತುಂಡಾಗಿ ದೇಶ ದಿನಗಟ್ಟಲೆ ಹೊರಜಗತ್ತಿಗೆ ಮೂಕವಾಯಿತು. ಸುನಾಮಿ ಮಾಂಗೊ ದ್ವೀಪದ ಮನೆಗಳನ್ನು ಗುಡಿಸಿಹಾಕಿತು. ಅಲ್ಲಿಂದ ಬಂದವರು ತಂಗಿದ್ದು ಚರ್ಚಿನ ಸಭಾಂಗಣದಲ್ಲಿ. ಬಡಿಸಿ ಪಳಗಿದ ಕೈಗಳು, ಚಾಪೆ, ದೊಡ್ಡ ಪಾತ್ರೆ ಎಲ್ಲವೂ ಅಲ್ಲಿ ಮೊದಲೇ ಇದ್ದವು.

ಇದಕ್ಕೆಲ್ಲ ಹಣ ಎಲ್ಲಿಂದ? ಉತ್ತರ ಮಿಸಿನಾಲೆಯಲ್ಲಿದೆ. ಬ್ಯಾಂಡ್ ಬಾರಿಸುತ್ತಿರುತ್ತದೆ, ಒಂದೊಂದೇ ಕುಟುಂಬದ ಹೆಸರು ಕರೆಯುತ್ತಾರೆ, ಕೊಟ್ಟ ಮೊತ್ತವನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಗುಪ್ತದಾನಕ್ಕೆ ಅಲ್ಲಿ ಜಾಗವಿಲ್ಲ. ಹಾಗಾಗಿ ಪಕ್ಕದ ಮನೆಯವರಿಗಿಂತ ಕಡಿಮೆ ಆಗಬಾರದೆಂಬ ಹಟ, ಅದಕ್ಕಾಗಿ ಸಾಲ, ಆಕ್ಲೆಂಡ್, ಸಿಡ್ನಿಗಳಲ್ಲಿರುವ ಮಕ್ಕಳಿಗೆ ಫೋನು. ಹೊರಗಿನವರು ಕಳಿಸುವ ಹಣ ಇಲ್ಲಿನ ಒಟ್ಟು ಉತ್ಪನ್ನದ ಮೂರನೇ ಒಂದಂಶಕ್ಕೂ ಮಿಗಿಲು. ಅದರಲ್ಲಿ ಒಂದು ಪಾಲು ನೇರ ಚರ್ಚಿಗೆ ಹೋಗುತ್ತದೆ.

ನನ್ನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟ ಟ್ಯಾಕ್ಸಿ ಚಾಲಕನಿಗೆ ಈ ಪದ್ಧತಿ ಕಂಡರಾಗದು. ಅಪ್ಪ ಮಾಡಿದ ಸಾಲ ತೀರಿಸಲು ತಾನು ಎರಡು ಹಂಗಾಮು ನ್ಯೂಜಿಲೆಂಡಿನಲ್ಲಿ ಹಣ್ಣು ಕಿತ್ತೆ ಎಂದ. ‘ಹಾಗಾದರೆ ಈ ವರ್ಷ ಕೊಡುವುದಿಲ್ಲವೆ?’ ಎಂದೆ. ‘ಕೊಡದೆ? ನನ್ನ ತಂಗಿ ಓದುತ್ತಿರುವುದು ಚರ್ಚಿನ ಶಾಲೆಯಲ್ಲಿ’ ಎಂದು ಗೇರ್ ಬದಲಿಸಿದ. ದೇಶದ ಪ್ರೌಢಶಾಲೆಗಳಲ್ಲಿ ದೊಡ್ಡ ಪಾಲು ಚರ್ಚುಗಳದ್ದು; ಅವುಗಳನ್ನು ನಡೆಸಲು ಈ ಕಾಣಿಕೆಯ ಹಣವೂ ಹೋಗುತ್ತದೆ. ಬೇರೆ ಕಡೆ ತೆರಿಗೆಯಾಗಿ ಸಂದು ಮರೆತುಹೋಗುವ ಹಣ ಇಲ್ಲಿ ಹೆಸರು ಹಿಡಿದು, ಹಾಡಿನ ನಡುವೆ, ನೆರೆಹೊರೆಯ ಕಣ್ಣೆದುರು ಕೈಬಿಟ್ಟು ಹೋಗುತ್ತದೆ. ಅದರ ಭಾರ ಚಾಲಕನಿಗೆ ಚೆನ್ನಾಗಿ ಗೊತ್ತು, ಅದು ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದೂ ಗೊತ್ತು. ಬೈದುಕೊಳ್ಳುತ್ತಲೇ ಕೊಡುವವರ ಮೇಲೆ ನಿಂತ ಚರ್ಚು ಅದು. ಬರೀ ಭಕ್ತಿಯ ಮೇಲಲ್ಲ.