ಕಾಲಿನ ಋಣ

ಕವಿಗಳಿಗೆ ರಕ್ತದ ಪರಿಚಯವಾಗುವುದು ಹೃದಯದಲ್ಲಿ; ನಮ್ಮ ಮಲೆನಾಡಿನವರಿಗೆ ಕಾಲಿನಲ್ಲಿ. ಮಳೆಗಾಲದಲ್ಲಿ ಕಳಸದ ಕಡೆಯ ಕಾಫಿತೋಟದೊಳಗೆ ಒಂದು ಸುತ್ತು ಹಾಕಿ ಬಂದರೆ ಸಾಕು, ಇಂಬಳಗಳು ಹಿಮ್ಮಡಿಯ ಬಳಿ ಸದ್ದಿಲ್ಲದೆ ಊಟ ಮುಗಿಸಿ ಉದುರಿಕೊಂಡಿರುತ್ತವೆ. ನೆತ್ತರು ಹೆಪ್ಪುಗಟ್ಟದಂತೆ ಮಾಡುವ ರಸವೊಂದನ್ನು ಅವು ಕಚ್ಚುವಾಗಲೇ ಬಿಟ್ಟಿರುವುದರಿಂದ, ಅತಿಥಿ ಹೋದಮೇಲೂ ಗಾಯ ಬಹಳ ಹೊತ್ತು ಒಸರುತ್ತದೆ. ಚಿಕ್ಕಂದಿನಲ್ಲಿ ನಾವು ಅದರ ಮೇಲೊಂದು ಚಿಟಿಕೆ ಕಾಫಿಪುಡಿ ಮೆತ್ತಿ ಆಟಕ್ಕೆ ಓಡುತ್ತಿದ್ದೆವು. ಆ ನೆತ್ತರು ಎಲ್ಲಿಂದ ಬಂತು, ಸೋರದೆ ಉಳಿದಿದ್ದರೆ ಎಲ್ಲಿಗೆ ಹೋಗುತ್ತಿತ್ತು ಎಂಬ ಯೋಚನೆ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ನನಗೆ ಅದು ಬಂದದ್ದು ನಲವತ್ತು ದಾಟಿದ ಮೇಲೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ನಿಲ್ಲುವುದೇ ಕಸುಬು. ಸಂಜೆ ಕಾಲುಚೀಲ ತೆಗೆದರೆ ಅದರ ಅಂಚು ಕಣಕಾಲಿನ ಸುತ್ತ ಕಡಗದಂತೆ ಅಚ್ಚೊತ್ತಿರುತ್ತಿತ್ತು. ಮೀನಖಂಡದ ಮೇಲೆ ನೀಲಿಯ ಬಳ್ಳಿಗಳು ಹಬ್ಬತೊಡಗಿದ್ದವು. ಚಿಕ್ಕಮಗಳೂರಿನ ನಮ್ಮ ಡಾಕ್ಟರು ಎಲ್ಲವನ್ನೂ ಪರೀಕ್ಷಿಸಿ, "ಹೃದಯಕ್ಕೇನೂ ಆಗಿಲ್ಲ, ಮೇಷ್ಟ್ರೇ. ದಿನಕ್ಕೆ ಎಷ್ಟು ಹೊತ್ತು ನಿಲ್ಲುತ್ತೀರಿ?" ಎಂದರು.

"ಪಂಪನಿಗೆ ಎರಡು ಗಂಟೆ, ವ್ಯಾಕರಣಕ್ಕೆ ಒಂದು ಗಂಟೆ" ಎಂದೆ.

"ಆ ಪಂಪ ನಿಮಗೆ ಗೊತ್ತು. ಕಾಲಿನಲ್ಲಿರುವ ಪಂಪು ಗೊತ್ತೇ?" ಎಂದು ನಕ್ಕು, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು.

ಹೃದಯದ ಪ್ರತಾಪವನ್ನು ನಾವೆಲ್ಲ ಬಲ್ಲೆವು. ಮುಷ್ಟಿಯಷ್ಟು ದೊಡ್ಡದು, ನಿಮಿಷಕ್ಕೆ ಸುಮಾರು 70 ಸಲ, ದಿನಕ್ಕೆ ಒಂದು ಲಕ್ಷ ಸಲ ಬಡಿಯುತ್ತದೆ. ಸುಮ್ಮನೆ ಕುಳಿತಿದ್ದಾಗಲೂ ನಿಮಿಷಕ್ಕೆ ಹೆಚ್ಚುಕಡಮೆ 5 ಲೀಟರು ರಕ್ತವನ್ನು ನೂಕುತ್ತದೆ. ಮೈಯಲ್ಲಿರುವುದೇ ಅಷ್ಟು. ಅಪಧಮನಿಗಳಲ್ಲಿ ಹೊರಟ ರಕ್ತ ಕವಲೊಡೆಯುತ್ತ, ಕೂದಲಿಗಿಂತ ಸಣ್ಣ ಲೋಮನಾಳಗಳಿಗೆ ಇಳಿದು, ಅಲ್ಲಿ ಪ್ರಾಣವಾಯುವನ್ನೂ ಅನ್ನವನ್ನೂ ಕೊಟ್ಟು ಕಸವನ್ನು ಎತ್ತಿಕೊಳ್ಳುತ್ತದೆ. ಆದರೆ ಅಷ್ಟು ಹೊತ್ತಿಗೆ ಹೃದಯ ಕೊಟ್ಟ ನೂಕು ಬಹುಮಟ್ಟಿಗೆ ಮುಗಿದಿರುತ್ತದೆ. ನಿಂತವನ ಪಾದದಿಂದ ಎದೆಗೆ ನಾಲ್ಕು ಅಡಿ ಏರು! ಆ ಏರನ್ನು ಹತ್ತಿಸುವುದು ಮುಖ್ಯವಾಗಿ ಮೀನಖಂಡ. ಹೆಜ್ಜೆ ಇಟ್ಟಾಗಲೆಲ್ಲ ಅದು ಬಿಗಿದು, ನಡುವಿನ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ. ಏರಿದ್ದು ಮತ್ತೆ ಜಾರದಂತೆ ಮೇಲ್ಮುಖವಾಗಿ ಮಾತ್ರ ತೆರೆಯುವ ಕವಾಟಗಳಿವೆ. ನಿಂತೇ ಇರುವವನಲ್ಲಿ ಈ ಹಿಂಡುವಿಕೆ ನಡೆಯದು. ರಕ್ತ ಕೆಳಗೇ ತಂಗಿ, ಕಾಲಕ್ರಮದಲ್ಲಿ ಕವಾಟಗಳು ಸಡಿಲವಾಗುತ್ತವೆ. ಅಂತೂ ಕಳಿಸಿಕೊಡುವುದು ಹೃದಯದ ಕೆಲಸ, ಮರಳಿ ತರುವುದು ಕಾಲಿನ ಕೆಲಸ.

ಮರಳುತ್ತದೆ ಎಂಬುದನ್ನು ಲೋಕ ಒಪ್ಪಿದ್ದು ಬಹಳ ತಡವಾಗಿ. ಯಕೃತ್ತು ಅನ್ನದಿಂದ ರಕ್ತವನ್ನು ಹೊಸದಾಗಿ ಮಾಡುತ್ತದೆ, ಅಂಗಾಂಗಗಳು ಅದನ್ನು ಉಂಡು ಮುಗಿಸುತ್ತವೆ ಎಂಬ ಗ್ಯಾಲೆನನ ಮಾತು ಯೂರೋಪಿನಲ್ಲಿ 1400 ವರ್ಷ ನಡೆಯಿತು. ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಒಂದು ಸರಳ ಲೆಕ್ಕವನ್ನು ಮುಂದಿಟ್ಟ: ಅರ್ಧ ಗಂಟೆಯಲ್ಲಿ ಹೃದಯ ನೂಕುವ ರಕ್ತ ಇಡೀ ದೇಹದಲ್ಲಿರುವುದಕ್ಕಿಂತ ಹೆಚ್ಚು, ಯಾವ ಊಟದಿಂದ ಅಷ್ಟು ಹುಟ್ಟೀತು? ಹೋದದ್ದೇ ಬರುತ್ತಿರಬೇಕು. ಅವನು ಕೊಟ್ಟ ಉಪಮೆ ಮಳೆಯದು: ನೆಲದ ತೇವ ಬಿಸಿಲಿಗೆ ಆವಿಯಾಗಿ ಮೇಲೇರಿ, ಮಳೆಯಾಗಿ ಮತ್ತೆ ನೆಲಕ್ಕೆ ಬರುವಂತೆ. ಜಾವಳಿಯ ಹತ್ತಿರ ಹುಟ್ಟಿ ಹೊರಟ ಹೇಮಾವತಿ ಬತ್ತದಿರುವುದೇಕೆಂದು ಬಲ್ಲ ಮೂಡಿಗೆರೆಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಂಡನ್ನಿನಲ್ಲಿ ಕಾಫಿ ಅಂಗಡಿಗಳು ಬಳಕೆಗೆ ಬರುವ ಮೊದಲೇ ಹಾರ್ವೆ ಕಾಫಿ ಕುಡಿಯುತ್ತಿದ್ದನೆಂದು ಅವನ ಸಮಕಾಲೀನ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ನಮ್ಮ ಕಡೆಯವರು ಅವನನ್ನು ನೆಂಟನೆಂದು ಕರೆಯಲು ಇದಿಷ್ಟೇ ಸಾಲದೆ?

ಈ ವಿದ್ಯೆಯನ್ನೆಲ್ಲ ಹೊತ್ತುಕೊಂಡು ಕಳಸಕ್ಕೆ ಹೋದೆ. ಅಲ್ಲಿ ಅಮ್ಮ ಒಬ್ಬಳೇ ಇದ್ದಾಳೆ. ಒಂದು ಕಾಲಕ್ಕೆ ದಿನಕ್ಕೆ ಹತ್ತು ಸಲ ತೋಟದ ಏರು ಹತ್ತಿ ಇಳಿದವಳು. ಅಪ್ಪ ಹೋದಮೇಲೆ ಜಗಲಿಯ ಕುರ್ಚಿ ಬಿಟ್ಟು ಏಳುವುದೇ ಅಪರೂಪ. ಅವಳ ಪಾದಗಳೂ ಊದಿಕೊಂಡಿದ್ದವು. ಡಾಕ್ಟರಿಗೆ ತೋರಿಸಿಯಾಯಿತು, ಹೃದಯ, ಮೂತ್ರಪಿಂಡ ಎರಡೂ ಸರಿಯಾಗಿವೆ, ನಡೆಯಬೇಕು ಎಂದರು. ನಾನು ಅಪಧಮನಿ, ಅಭಿಧಮನಿ, ಕವಾಟಗಳನ್ನು ವಿವರಿಸಿದೆ. ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಸುಮ್ಮನೆ ನಡೆ ಅಂದರೆ ಹೇಗೋ? ಎಲ್ಲಿಗೆ ಅಂತ ನಡೆಯಲಿ?" ಎಂದಳು. ನನ್ನ ಶಾಸ್ತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಉತ್ತರವನ್ನು ಕೊಟ್ಟದ್ದು ಬಸ್ಸು. ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಸಂಜೆ ಕಳಸಕ್ಕೆ ಬರುವ ಬಸ್ಸು ನಮ್ಮ ತೋಟದ ದಾರಿ ಸೇರುವಲ್ಲಿ ನಿಲ್ಲುತ್ತದೆ. ಮನೆಯಿಂದ ಅಲ್ಲಿಗೆ ಎರಡು ಫರ್ಲಾಂಗು, ಬರುವಾಗ ಏರು. ನಾನು ಬರುವ ದಿನ ತಿಳಿಸಿದ್ದರೆ ಅಮ್ಮ ಅಂದು ಕೊಡೆ ಊರಿಕೊಂಡು ಅಲ್ಲಿಯವರೆಗೆ ಬಂದು ನಿಂತಿರುತ್ತಿದ್ದಳು. ಮಿಕ್ಕ ದಿನ ಇಲ್ಲ. ಈಗ ನಾನು ತಿಂಗಳಿಗೆ ಎರಡು ಸಲ ತಪ್ಪದೆ ಹೋಗುತ್ತೇನೆ. ಯಾವ ದಿನವೆಂದು ಮಾತ್ರ ಹೇಳುವುದಿಲ್ಲ. ಅಮ್ಮ ದಿನವೂ ಬಸ್ಸು ನೋಡಲು ಬರುತ್ತಾಳಂತೆ.

ಕಾಲಿನ ಊತ ಇಳಿದಿದೆ. ಮೊನ್ನೆ ಫೋನಿನಲ್ಲಿ, "ಯಾವಾಗ ಬರುತ್ತೀಯೋ?" ಎಂದು ಕೇಳಿದವಳು, ನಾನು ತಡವರಿಸುತ್ತಿದ್ದಂತೆ, "ಬೇಡ, ಹೇಳಬೇಡ" ಎಂದಳು.