ಸಡಿಲ ಬೆಲ್ಟು

ಮಿಶಿಗನ್ನಿಗೆ ಬಂದ ಮೊದಲ ಚಳಿಗಾಲ ನನ್ನ ಮನೆ ಮುಂದಿನ ಹಿಮ ತೆಗೆದುಕೊಟ್ಟವರು ಪಕ್ಕದ ಮನೆಯ ಅಜ್ಜ. ಕಾರು ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಗ್ಯಾರೇಜಿನಲ್ಲಿ 1972ರ ಶೆವರ್ಲೆ ನೋವಾ ಇಟ್ಟುಕೊಂಡಿದ್ದರು. ಬೇಸಿಗೆ ಬಂತೆಂದರೆ ಅದನ್ನು ಟ್ರೇಲರಿಗೆ ಏರಿಸಿ ಡ್ರ್ಯಾಗ್ ರೇಸಿಗೆ ಹೊರಡುತ್ತಿದ್ದರು. ನೇರ ರಸ್ತೆ, ಕಾಲು ಮೈಲಿ, ಅಂದರೆ 402 ಮೀಟರ್. ಹನ್ನೊಂದು ಸೆಕೆಂಡಿನಲ್ಲಿ ಎಲ್ಲ ಮುಗೀತು. ಅಷ್ಟಕ್ಕೆ ವರ್ಷವಿಡೀ ತಯಾರಿ!

ಆ ವರ್ಷ ಅವರು ಇಂಜಿನ್ನಿಗೆ ನೈಟ್ರಸ್ ಹಾಕಿಸಿದರು. ನೈಟ್ರಸ್ ಆಕ್ಸೈಡ್ ತಾನಾಗಿ ಉರಿಯುವ ಇಂಧನವಲ್ಲ. ಇಂಜಿನ್ನಿನ ಬಿಸಿಗೆ ಒಡೆದು ಆಮ್ಲಜನಕ ಬಿಟ್ಟುಕೊಡುತ್ತೆ, ಆಗ ಹೆಚ್ಚು ಪೆಟ್ರೋಲ್ ಉರಿಸಬಹುದು. ಗುಂಡಿ ಒತ್ತಿದರೆ ಹೆಚ್ಚುವರಿ 150 ಅಶ್ವಶಕ್ತಿ. ಇದಕ್ಕೆ ತಕ್ಕ ಟಾರ್ಕ್ ಕನ್ವರ್ಟರ್ ಬೇಕಿತ್ತು.

ಆಟೋಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ಚಿನ ಜಾಗದಲ್ಲಿ ಇರೋದು ಇದೇ. ಬಕೆಟ್ಟಿನ ನೀರಲ್ಲಿ ಕೈ ತಿರುಗಿಸಿದರೆ ತೇಲುವ ಎಲೆಯೂ ತಿರುಗುತ್ತಲ್ಲ, ಹಾಗೆ. ಇಂಜಿನ್ ಎಣ್ಣೆಯನ್ನು ತಿರುಗಿಸುತ್ತೆ, ಎಣ್ಣೆ ಗೇರ್‌ಬಾಕ್ಸನ್ನು ತಿರುಗಿಸುತ್ತೆ. ಗಾಡಿಯನ್ನು ಅಲುಗದಂತೆ ಹಿಡಿದು ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಇಂಜಿನ್ ಎಷ್ಟು ಆರ್‌ಪಿಎಂಗೆ ಹೋಗಿ ನಿಲ್ಲುತ್ತೋ ಅದು ಸ್ಟಾಲ್ ಸ್ಪೀಡ್. ಇಂಜಿನ್ನಿನ ಬಲ ಜಾಸ್ತಿ ಇರುವ ಜಾಗಕ್ಕೆ ಅದು ಹೊಂದಬೇಕು.

ಅಜ್ಜ ‘ಸ್ವಲ್ಪ ಬಿಗಿ ಇರೋದೇ ತಗೊಳ್ಳೋಣ’ ಅಂದರು. ನಾನು ಬಿಇ ಮಾಡಿದವನು, ಬಿಡ್ತೀನಾ? ಎಕ್ಸೆಲ್ ತೆರೆದು ಸಾಧಿಸಿಬಿಟ್ಟೆ: 5000 ಆರ್‌ಪಿಎಂನದ್ದೇ ಸರಿ. ಅವರು ಸಾವಿರ ಡಾಲರಿಗೂ ಹೆಚ್ಚು ಕೊಟ್ಟು ತರಿಸಿದರು. ಪೆನ್ಶನ್ ದುಡ್ಡು.

ರೇಸಿನ ದಿನ ಕಾರು ಕೂಗಿದ್ದೇ ಕೂಗಿದ್ದು, ಓಡಿದ್ದು ಕಡಿಮೆ. ಗೆರೆ ದಾಟುವಾಗ ವೇಗ 125 ಮೈಲಿ. 28 ಇಂಚಿನ ಟೈರು, 4.10ರ ಆಕ್ಸಲ್ ಗೇರು. ಆ ವೇಗಕ್ಕೆ ಇಂಜಿನ್ 6150 ಸುತ್ತಿದ್ದರೆ ಸಾಕಿತ್ತು. ಮೀಟರು ತೋರಿಸಿದ್ದು 7000. ನೂರಕ್ಕೆ ಹನ್ನೆರಡು ಸುತ್ತು ಎಣ್ಣೆ ಕಾಯಿಸುವುದಕ್ಕೇ ಹೋಗಿತ್ತು. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ.

ರಾತ್ರಿ ತಪ್ಪು ಸಿಕ್ಕಿತು. ಅದೇ ಕನ್ವರ್ಟರಿನ ಸ್ಟಾಲ್ ಇಂಜಿನ್ನಿನ ಟಾರ್ಕ್ ಜೊತೆಗೇ ಏರುತ್ತೆ, ಹೆಚ್ಚುಕಮ್ಮಿ ಅದರ ವರ್ಗಮೂಲದ ಲೆಕ್ಕದಲ್ಲಿ. ನಾನು ನೈಟ್ರಸ್ ಇಲ್ಲದ 400 ಪೌಂಡ್-ಅಡಿ ಹಾಕಿದ್ದೆ. ನೈಟ್ರಸ್ ಬಿಟ್ಟಾಗ ಅದು 550. ನನ್ನ 5000 ಅಲ್ಲಿ 5800 ದಾಟಿತ್ತು. ಅಜ್ಜ ಹೇಳಿದ ‘ಬಿಗಿ’ ಇದೇ.

ಭಾನುವಾರ ತೀರ್ಥಹಳ್ಳಿಗೆ ಫೋನ್ ಮಾಡಿದಾಗ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ನಕ್ಕರು. “ನಮ್ಮ ಟಿಲ್ಲರ್ ಬೆಲ್ಟ್ ಸಡಿಲ ಆದಾಗ ಎಂತ ಆಗ್ತಿತ್ತು ಮಾರಾಯಾ? ಇಂಜಿನ್ ಕೂಗ್ತಿತ್ತು, ಗದ್ದೆ ಹೂಟಿ ಆಗ್ತಿರ್ಲಿಲ್ಲ. ವಾಸ್ನೆ ನಿಂಗೆ ಮರ್ತೇ ಹೋಯ್ತಾ?”

ಮರೆತಿರಲಿಲ್ಲ. ಕೆಸರಲ್ಲಿ ಟಿಲ್ಲರ್ ಹಿಂದೆ ನಡೆದ ಹುಡುಗನೇ ನಾನು. ಗದ್ದೆಯಲ್ಲಿ ಕಲಿತದ್ದು ಇಲ್ಲಿ ಲೆಕ್ಕಕ್ಕೆ ಬರುತ್ತೆ ಅಂತ ಅನಿಸಿರಲಿಲ್ಲ, ಅಷ್ಟೇ.

ಆಮೇಲೆ ಅಪ್ಪ ಕೇಳಿದ್ದು ಒಂದೇ ಮಾತು: “ಅವ್ರ ದುಡ್ಡಿನ ಕತೆ ಎಂತಾಯ್ತು?”

ನಾನು ಕ್ಷಮೆ ಕೇಳಿದ್ದೆ. ದುಡ್ಡಿನ ಮಾತು ಎತ್ತಿರಲಿಲ್ಲ.

ಮರುದಿನ ಚೆಕ್ ಬರೆದುಕೊಂಡು ಹೋದೆ. ಅಜ್ಜ ಮಡಚಿ ನನ್ನ ಜೇಬಿಗೇ ತುರುಕಿದರು. “ದುಡ್ಡು ಬೇಡ, ಶನಿವಾರ ಬಾ. ಇದನ್ನ ನೀನೇ ಇಳಿಸು” ಅಂದರು. ಕಾರಿನಡಿ ಮಲಗಿ, ಮುಖದ ಮೇಲೆ ಎಣ್ಣೆ ಬೀಳಿಸಿಕೊಂಡು ಗೇರ್‌ಬಾಕ್ಸ್ ಇಳಿಸಿದೆ. ಕನ್ವರ್ಟರನ್ನು ಮಾಡಿದವರಿಗೇ ಕಳಿಸಿ ಬಿಗಿ ಮಾಡಿಸಿದೆವು. ಆ ಖರ್ಚು ಮಾತ್ರ ಹಟ ಹಿಡಿದು ನಾನೇ ಕೊಟ್ಟೆ.

ಮುಂದಿನ ರೇಸಿನಲ್ಲಿ 128 ಮೈಲಿ, 6700 ಆರ್‌ಪಿಎಂ. ನೂರಕ್ಕೆ ಆರೇ ಸುತ್ತು ನಷ್ಟ. ಅಜ್ಜ ಹೆಲ್ಮೆಟ್ ತೆಗೆದು ನಗುವಾಗ ಹಲ್ಲೆಲ್ಲ ಕಾಣುತ್ತಿತ್ತು.

ಆ ರಾತ್ರಿ ಅಪ್ಪನಿಗೆ ಫೋಟೋ ಕಳಿಸಿದೆ. ‘ಆ ಹಳೇ ಟಿಲ್ಲರ್ ಮಾರಿಬಿಡಿ’ ಅಂತ ಎರಡು ವರ್ಷದಿಂದ ಅವರ ಬೆನ್ನು ಬಿದ್ದಿದ್ದೆ. ಅವತ್ತು ಆ ಮಾತು ಬಾಯಿಗೆ ಬರಲಿಲ್ಲ. “ಬೆಲ್ಟ್ ಬಿಗಿ ಇದೆಯಾ ಅಪ್ಪ?” ಅಂತ ಕೇಳಿದೆ.